ಏನು ಕೊಟ್ಟರೆ ಓದುತ್ತಾನೆ?

ಕಳೆದ ತಿಂಗಳು ಕುಟುಂಬ ಸಂದರ್ಶನದ ನಿಮಿತ್ತ ಶಿಡ್ಲಘಟ್ಟದ ಕಡೆಯ ಒಂದು ಮನೆಗೆ ನಾವು ಹೋಗಿದ್ದೆವು. ಪ್ರಾರ್ಥನೆ ಮುಗಿದು ಕಾಫಿ ಬರುವಷ್ಟರಲ್ಲಿ ತಂದೆಯಾದವರು ತಮ್ಮ ಸಂಕಟವನ್ನು ತೋಡಿಕೊಂಡರು. ಮಗ ಹತ್ತನೆಯ ತರಗತಿಯಲ್ಲಿದ್ದಾನೆ, ಪುಸ್ತಕ ಮುಟ್ಟುವುದಿಲ್ಲ. ಕಳೆದ ವರ್ಷ ಮೊಬೈಲ್ ಕೊಡಿಸಿದ್ದಾಯಿತು. ಈ ಬಾರಿ ಶೇಕಡಾ 90 ಅಂಕ ತೆಗೆದರೆ ಬೈಕ್ ಎಂದು ಮಾತು ಕೊಟ್ಟಿದ್ದಾರೆ. (ಚಾಲನಾ ಪರವಾನಗಿಯ ವಯಸ್ಸೂ ಆಗಿರದ ಹುಡುಗನಿಗೆ!) "ಇನ್ನೇನು ಕೊಟ್ಟರೆ ಓದುತ್ತಾನೆ, ಸ್ವಾಮಿ, ನೀವೇ ಹೇಳಿ" ಎಂದು ಅವರು ಕೇಳಿದರು.

ಹುಡುಗ ಮನೆಯೊಳಗಿರಲಿಲ್ಲ, ಹಿತ್ತಲಿನ ಹುಳುಮನೆಯಲ್ಲಿದ್ದ. ನಾವು ಅಲ್ಲಿಗೇ ಹೋದೆವು. ನಾಲ್ಕನೆಯ ಜ್ವರ ಎದ್ದ ರೇಷ್ಮೆ ಹುಳುಗಳಿಗೆ ಅವನು ಸೊಪ್ಪು ಹಾಸುತ್ತಿದ್ದ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಈ ಕೊನೆಯ ಹಂತದಲ್ಲೇ ತಿನ್ನುತ್ತದೆಂಬುದನ್ನೂ, ಮಳೆಯಲ್ಲಿ ನೆನೆದ ಸೊಪ್ಪನ್ನು ಹಾಕಿದರೆ ರೋಗ ಬೀಳುತ್ತದೆಂಬುದನ್ನೂ, ಯಾವ ತಟ್ಟೆಯ ಹುಳು ಹಿಂದೆ ಬಿದ್ದಿದೆ, ಏಕೆ ಬಿದ್ದಿದೆ ಎಂಬುದನ್ನೂ ನಮಗೆ ವಿವರಿಸಿದ. ರಾತ್ರಿ ಎರಡು ಗಂಟೆಗೆ ಯಾರೂ ಕರೆಯದೆ ತಾನೇ ಎದ್ದು ಸೊಪ್ಪು ಹಾಕಿದ್ದನೆಂದು ತಾಯಿ ಹೇಳಿದರು. ಅದಕ್ಕಾಗಿ ಅವನಿಗೆ ಯಾರೂ ಏನನ್ನೂ ಕೊಡುತ್ತೇವೆಂದಿರಲಿಲ್ಲ.

ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಾವು ಹೊಗಳುತ್ತಿದ್ದೇವೆಂದು ಯಾರೂ ಭಾವಿಸಬಾರದು. ಕುದಿಯುವ ನೀರಿನ ಬಾಣಲೆಯ ಮುಂದೆ ಮಗುವನ್ನು ಕೂರಿಸಿ ನೂಲು ಬಿಚ್ಚಿಸುವುದು ಕಾನೂನಿನ ಕಣ್ಣಿಗೂ ದೇವರ ಕಣ್ಣಿಗೂ ಅಪರಾಧವೇ. ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ಪುಸ್ತಕದ ಮುಂದೆ ಕುಳಿತರೆ ಆಕಳಿಸುವ ಅದೇ ಹುಡುಗನನ್ನು ನಡುರಾತ್ರಿಯಲ್ಲಿ ಎಬ್ಬಿಸಿದ್ದು ಯಾವುದು?

ಮನುಷ್ಯನು ಏಕೆ ನಡೆಯುತ್ತಾನೆ, ಏಕೆ ದುಡಿಯುತ್ತಾನೆ, ಏಕೆ ಪಾಪ ಮಾಡುತ್ತಾನೆ ಎಂಬುದು ತತ್ವಶಾಸ್ತ್ರದ ಹಳೆಯ ಪ್ರಶ್ನೆ. ಕಳೆದ ಶತಮಾನದಲ್ಲಿ ಅದನ್ನು ಮನಶ್ಶಾಸ್ತ್ರಜ್ಞರು ತಮ್ಮ ಕೈಗೆ ತೆಗೆದುಕೊಂಡರು. ಅಮೆರಿಕದ ಸ್ಕಿನ್ನರ್ ಪೆಟ್ಟಿಗೆಯಲ್ಲಿಟ್ಟ ಇಲಿಯನ್ನೂ ಪಾರಿವಾಳವನ್ನೂ ಮುಂದಿಟ್ಟುಕೊಂಡು, ಯಾವ ವರ್ತನೆಗೆ ಕಾಳು ದೊರೆಯುವುದೋ ಆ ವರ್ತನೆ ಮರಳಿ ಬರುತ್ತದೆ ಎಂದು ತೋರಿಸಿದರು. ನಮ್ಮ ಬಹುತೇಕ ತಂದೆತಾಯಂದಿರು ಸ್ಕಿನ್ನರನ ಹೆಸರನ್ನೇ ಕೇಳದೆ ಅವನ ಶಿಷ್ಯರಾಗಿದ್ದಾರೆ. ನಾವೂ ಆಗಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಕೆಲವು ವರ್ಷಗಳ ಹಿಂದೆ ಧರ್ಮೋಪದೇಶದ ತರಗತಿಗೆ ಮಕ್ಕಳ ಹಾಜರಾತಿ ಹೆಚ್ಚಿಸಲೆಂದು ನಾವು ಒಂದು ಚೀಟಿಯನ್ನು ಅಚ್ಚು ಹಾಕಿಸಿದೆವು. ಭಾನುವಾರದ ಬಲಿಪೂಜೆಗೆ ಬಂದರೆ ಒಂದು ಮುದ್ರೆ, ತರಗತಿಗೆ ಕುಳಿತರೆ ಇನ್ನೊಂದು. ಕ್ರಿಸ್ಮಸ್ಸಿಗೆ ಮುದ್ರೆಗಳ ಲೆಕ್ಕದಲ್ಲಿ ಬಹುಮಾನ. ಮಕ್ಕಳು ತುಂಬಿದರು, ನಾವು ಬೀಗಿದೆವು. ಮರುವರ್ಷ ದಾನಿಗಳು ದೊರೆಯದೆ ಬಹುಮಾನ ನಿಂತಿತು. ಮಕ್ಕಳ ಸಂಖ್ಯೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ, ಅದಕ್ಕಿಂತಲೂ ಕೆಳಗಿಳಿಯಿತು. ಮೊದಲು ಸುಮ್ಮನೆ ಬರುತ್ತಿದ್ದ ಮಕ್ಕಳೂ "ಈ ವರ್ಷ ಮುದ್ರೆ ಇಲ್ಲವಾ?" ಎಂದು ಕೇಳಿ ಹಿಂದಿರುಗಿದರು.

ಇದು ನಮ್ಮ ಊರಿನ ಮಕ್ಕಳ ದೋಷವೇನೂ ಅಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿದ ಪರೀಕ್ಷೆಯೊಂದು ಪ್ರಸಿದ್ಧವಾಗಿದೆ. ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಚಿನ್ನದ ಮುದ್ರೆಯ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು. ಒಂದೆರಡು ವಾರಗಳ ನಂತರ ನೋಡಿದರೆ ಆ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರದಕ್ಕಿಂತ ಅರ್ಧದಷ್ಟಾಗಿತ್ತು. ಹೇಳದೆ ಕೇಳದೆ ಪ್ರಶಸ್ತಿ ಪಡೆದ ಮಕ್ಕಳ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ. ಬಹುಮಾನದಿಂದ ಅಂಥ ಹಾನಿಯೇನಿಲ್ಲವೆಂದು 1994ರಲ್ಲಿ ಕೆಲವರು ಬರೆದರು. ಇದೆಯೆಂದು 1999ರಲ್ಲಿ ಡೆಸಿ ಮತ್ತು ಸಂಗಡಿಗರು ಉತ್ತರ ಕೊಟ್ಟರು. ವಾದ ಹೇಗಾದರೂ ಇರಲಿ, ನಮ್ಮ ಚೀಟಿಗಳ ಕಂತೆ ಇಂದಿಗೂ ಗುರುಮನೆಯ ಬೀರುವಿನಲ್ಲಿದೆ.

ಇದೇ ಡೆಸಿ, ತಮ್ಮ ಸಂಗಡಿಗ ರಯಾನ್ ಅವರೊಡನೆ 1985ರಲ್ಲಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಮನುಷ್ಯನ ಮನಸ್ಸು ಮುಖ್ಯವಾಗಿ ಮೂರನ್ನು ಬೇಡುತ್ತದೆ: ತಾನೇ ಆರಿಸಿಕೊಂಡೆನೆಂಬ ಸ್ವಾತಂತ್ರ್ಯ, ತನ್ನಿಂದ ಆಗುತ್ತದೆಂಬ ಸಾಮರ್ಥ್ಯ, ತನ್ನವರೊಡನೆ ಸಂಬಂಧ. ಹುಳುಮನೆಯಲ್ಲಿ ಆ ಹುಡುಗನಿಗೆ ಈ ಮೂರೂ ಇದ್ದವು. ಬೆಳೆ ಕೆಟ್ಟರೆ ಮನೆಯವರೆಲ್ಲರೂ ಒಟ್ಟಿಗೆ ಕೆಡುತ್ತಾರೆಂದು ಅವನು ಬಲ್ಲ. ಪುಸ್ತಕದ ಮುಂದೆ ಮೂರರಲ್ಲಿ ಒಂದೂ ಇಲ್ಲ. ಇರುವುದು ಬೈಕ್ ಒಂದೇ.

ಇನ್ನೊಂದು ಸಿದ್ಧಾಂತವಂತೂ ಈಗ ಪ್ರತಿ ತರಬೇತಿ ಶಿಬಿರದಲ್ಲಿಯೂ ಗೋಡೆಯ ಮೇಲೆ ಬೀಳುತ್ತದೆ. 1943ರಲ್ಲಿ ಅಬ್ರಹಾಂ ಮ್ಯಾಸ್ಲೋ ಬರೆದ ಲೇಖನದಿಂದ ಹುಟ್ಟಿದ ಅಗತ್ಯಗಳ ಗೋಪುರ ಅದು: ಕೆಳಗೆ ಅನ್ನ, ಮೇಲೆ ಭದ್ರತೆ, ಅದರ ಮೇಲೆ ಪ್ರೀತಿ, ಗೌರವ, ತುದಿಯಲ್ಲಿ ಆತ್ಮಸಾಫಲ್ಯ. ಕೆಳಗಿನದು ತುಂಬದೆ ಮೇಲಿನದು ಎಚ್ಚರಗೊಳ್ಳದು ಎಂದು ಶಿಬಿರದವರು ಹೇಳುತ್ತಾರೆ. ಹಸಿದವನಿಗೆ ಬರಿಯ ಉಪದೇಶ ಮಾಡಬಾರದೆಂಬಷ್ಟರ ಮಟ್ಟಿಗೆ ಇದು ನಿಜ. ಪ್ರಭು ಯೇಸುವೂ ಜನಸಮೂಹಕ್ಕೆ ರೊಟ್ಟಿ ಹಂಚಿದರು. ಆದರೆ ಈ ಗೋಪುರವನ್ನು ನಂಬುವವರು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಒಮ್ಮೆ ಹೋಗಿ ಬರಬೇಕು. 1938ರ ಏಪ್ರಿಲ್ 25ರಂದು, ನಿಷೇಧವಿದ್ದರೂ ರಾಷ್ಟ್ರಧ್ವಜಕ್ಕಾಗಿ ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಅಂದು ಸೇರಿದ್ದ ಹಳ್ಳಿಗರಲ್ಲಿ ಅನ್ನಕ್ಕೂ ಭದ್ರತೆಗೂ ಕೊರತೆಯಿದ್ದವರೇ ಹೆಚ್ಚಿದ್ದಿರಬೇಕು. ಗೋಪುರದ ಲೆಕ್ಕದಲ್ಲಿ ಅವರು ಒಂದು ತುಂಡು ಬಟ್ಟೆಗಾಗಿ ಗುಂಡಿನೆದುರು ನಿಲ್ಲಬಾರದಿತ್ತು. ಮೂರು ವರ್ಷಗಳ ನಂತರ ಆಷ್ವಿಟ್ಜ್ ಸೆರೆಶಿಬಿರದಲ್ಲಿ ಹಸಿವಿನಿಂದ ಬಸವಳಿದಿದ್ದ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆ, ಅಪರಿಚಿತ ಸೆರೆಯಾಳೊಬ್ಬನ ಬದಲಿಗೆ ತಾವು ಸಾಯಲು ಮುಂದೆ ಬಂದರು. ಮ್ಯಾಸ್ಲೋ ಅವರಿಗೆ ಅನ್ಯಾಯ ಮಾಡಬಾರದು: ಆದರ್ಶಕ್ಕಾಗಿ ಎಲ್ಲವನ್ನೂ ತೊರೆಯುವ ರಕ್ತಸಾಕ್ಷಿಗಳು ಈ ಕ್ರಮವನ್ನು ಮೀರುತ್ತಾರೆಂದು ಅದೇ ಲೇಖನದಲ್ಲಿ ಅವರೇ ಬರೆದಿದ್ದಾರೆ. ಗೋಪುರದ ಚಿತ್ರ ಕೂಡ ಅವರದಲ್ಲ. ಅದನ್ನು ಬಿಡಿಸಿದವರು ನಂತರ ಬಂದ ಆಡಳಿತ ತಜ್ಞರು.

ಕಥೋಲಿಕರಾದ ನಮ್ಮನ್ನೇ ನೇರವಾಗಿ ಚುಚ್ಚುವ ಮಾತೊಂದನ್ನು ಡೇವಿಡ್ ಮೆಕ್‌ಲೆಲೆಂಡ್ 1961ರಲ್ಲಿ ಬರೆದರು. ಪ್ರೊಟೆಸ್ಟಂಟ್ ದೇಶಗಳನ್ನೂ ಕಥೋಲಿಕ ದೇಶಗಳನ್ನೂ ತಲಾ ವಿದ್ಯುತ್ ಬಳಕೆಯ ಆಧಾರದಿಂದ ಹೋಲಿಸಿ, ಮೊದಲನೆಯವು ಮುಂದಿವೆ ಎಂದರು. ಮಕ್ಕಳನ್ನು ಸ್ವಂತ ಕಾಲ ಮೇಲೆ ನಿಲ್ಲಲು ಬೇಗನೆ ಬಿಡುವ ಮನೆಗಳಲ್ಲಿ ಸಾಧನೆಯ ಹಂಬಲ ಬೆಳೆಯುತ್ತದೆಂಬುದು ಅವರ ವಾದ. ವಿದ್ಯುತ್ತಿನಿಂದ ವಿಶ್ವಾಸವನ್ನು ಅಳೆಯುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ವಿಧೇಯತೆಯನ್ನು ಕಲಿಸುವಷ್ಟು ಶ್ರದ್ಧೆಯಿಂದ ನಾವು ಮಕ್ಕಳಿಗೆ ಜವಾಬ್ದಾರಿಯನ್ನು ಕಲಿಸುತ್ತಿದ್ದೇವೆಯೇ ಎಂದು ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ. ನೆರೆಯ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಅವರು 1964ರಲ್ಲಿ ತರಬೇತಿ ಏರ್ಪಡಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಹೊಸ ಉದ್ಯಮಗಳಿಗೆ ಕೈಹಾಕಿದರೆಂದು 1969ರ ಅವರ ಪುಸ್ತಕ ಹೇಳುತ್ತದೆ. ಪ್ರೇರಣೆ ಹುಟ್ಟಿನಿಂದ ಬಂದು ನಿಂತುಬಿಡುವ ವಸ್ತುವಲ್ಲ, ಬೆಳೆಯಬಲ್ಲದ್ದು ಎಂಬುದಂತೂ ಇದರಿಂದ ತಿಳಿಯುತ್ತದೆ.

ಈ ಬೆಳವಣಿಗೆಯನ್ನು ಧರ್ಮಸಭೆ ಬಹು ಹಿಂದೆಯೇ ಗುರುತಿಸಿತ್ತು. ದಂಡನೆಗೆ ಅಂಜುವ ಆಳಿನ ಭಯ ಬೇರೆ, ತಂದೆಯ ಮನನೋಯಿಸಲು ಅಂಜುವ ಮಗನ ಭಯ ಬೇರೆ ಎಂದು ಸಂತ ಥಾಮಸ್ ಅಕ್ವಿನಾಸರು ವಿಂಗಡಿಸಿದರು. ನರಕದ ಭಯದಿಂದ ಹುಟ್ಟಿದ ಅಪೂರ್ಣ ಪಶ್ಚಾತ್ತಾಪವೂ ದೇವರ ವರವೇ, ಅದನ್ನು ಹೊತ್ತು ಪಾಪನಿವೇದನೆಗೆ ಬಂದವನನ್ನು ಹಿಂದಕ್ಕೆ ಕಳುಹಿಸಬೇಕಿಲ್ಲ ಎಂದು ಟ್ರೆಂಟ್ ಮಹಾಸಭೆ 1551ರಲ್ಲಿ ಸಾರಿತು. ಕೆಳಗಿನ ಪ್ರೇರಣೆಯನ್ನು ಧರ್ಮಸಭೆ ಹೀಗಳೆಯಲಿಲ್ಲ. ಅದನ್ನು ಬಾಗಿಲೆಂದು ತಿಳಿಯಿತು, ವಾಸದ ಮನೆಯೆಂದು ತಿಳಿಯಲಿಲ್ಲ. ದುಂದುಗಾರ ಮಗನ ಸಾಮತಿಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿರಿ. ಕಿರಿಯ ಮಗನನ್ನು ಮನೆಯತ್ತ ತಿರುಗಿಸಿದ್ದು ತಂದೆಯ ಮೇಲಿನ ಪ್ರೀತಿಯಲ್ಲ, ಹೊಟ್ಟೆಯ ಹಸಿವು. ತಂದೆ ಏಕೆ ಬಂದೆಯೆಂದು ವಿಚಾರಿಸದೆ ಓಡಿಬಂದು ಅಪ್ಪಿಕೊಂಡ. ಇತ್ತ ಮನೆಯಲ್ಲೇ ಇದ್ದ ಹಿರಿಯ ಮಗ, ಇಷ್ಟು ವರ್ಷ ದುಡಿದುದಕ್ಕೆ ತನಗೆ ಒಂದು ಮೇಕೆಮರಿಯೂ ದೊರೆಯಲಿಲ್ಲವೆಂದು ಲೆಕ್ಕ ಹಾಕುತ್ತಾ ಹೊರಗೇ ನಿಂತ. ನಮ್ಮ ಮುದ್ರೆಯ ಚೀಟಿಗಳಿಂದ ನಾವು ತಯಾರಿಸುತ್ತಿದ್ದುದು ಆ ಹಿರಿಯ ಮಗನನ್ನೇ ಎಂದು ಈಗ ಅನ್ನಿಸುತ್ತದೆ.

ಆ ತಂದೆಗೆ ಏನು ಹೇಳಿದೆವೆಂದು ನೀವು ಕೇಳಬಹುದು. ಕೊಟ್ಟ ಮಾತಿಗೆ ತಪ್ಪಿ ಎನ್ನಲು ಬಾಯಿ ಬರಲಿಲ್ಲ. ಬೈಕನ್ನು ಪರವಾನಗಿ ಸಿಗುವವರೆಗೆ ಮುಂದೂಡಿ ಎಂದಷ್ಟೇ ಹೇಳಿದೆವು. ವಾರಕ್ಕೊಂದು ಸಂಜೆ ಹುಳುಮನೆಯಲ್ಲೇ ಅವನ ಪಕ್ಕದಲ್ಲಿ ಕುಳಿತು, ಜೀವಶಾಸ್ತ್ರದ ಪಾಠವನ್ನು ನಿಮಗೆ ಹೇಳಿಕೊಡುವಂತೆ ಅವನನ್ನೇ ಕೇಳಿರಿ ಎಂದೂ ಸೂಚಿಸಿದೆವು. "ನನಗೇನು ತಿಳಿಯುತ್ತದೆ ಸ್ವಾಮಿ" ಎಂದು ಅವರು ನಕ್ಕರು. ತಿಳಿಯದಿರುವುದೇ ಒಳ್ಳೆಯದು ಎಂದೆವು.

ನಮ್ಮ ಧರ್ಮಕೇಂದ್ರದಲ್ಲಿ ಈ ವರ್ಷ ಹಾಜರಾತಿಗೆ ಬಹುಮಾನವಿಲ್ಲ. ಹೊಸ ಬೆಳೆಯ ಹುಳುಗಳನ್ನು ಒಂದು ಭಾನುವಾರ ತಟ್ಟೆಯಲ್ಲಿ ಧರ್ಮೋಪದೇಶದ ತರಗತಿಗೆ ತಂದು ಚಿಕ್ಕ ಮಕ್ಕಳಿಗೆ ವಿವರಿಸಬೇಕೆಂದು ಆ ಹುಡುಗನನ್ನು ಕೇಳಿಕೊಂಡಿದ್ದೇವೆ. ಒಪ್ಪಿದ್ದಾನೆ. ಆದರೆ ಆ ದಿನ ಹುಳು ಜ್ವರಕ್ಕೆ ಕುಳಿತಿದ್ದರೆ ಅಲುಗಿಸಬಾರದು, ತರುವುದಿಲ್ಲ ಎಂದು ಮೊದಲೇ ಖಂಡಿತವಾಗಿ ಹೇಳಿದ್ದಾನೆ.