ಶೂನ್ಯಸ್ಥಾಪನೆ



ಶೂನ್ಯಕ್ಕೆ ಬೆಲೆಯಿಲ್ಲವೆಂಬ ಮಾತು ಹವ್ಯಾಸಿಗಳ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರದಲ್ಲಿ ಸಲ್ಲದು. ಕೊರೆಯತಕ್ಕ ಲೋಹದ ತುಂಡು ಎಲ್ಲಿರುವುದೆಂಬುದನ್ನು ಯಂತ್ರವು ತಾನಾಗಿ ಅರಿಯದು. ನಾವು ತೋರಿದ ಶೂನ್ಯದಿಂದಲೇ ಅದು ಅಳೆಯುವುದು. ಆ ಶೂನ್ಯವು ತಗ್ಗಿದರೆ ಉಳಿ ಮುರಿದು ಕೆಲಸ ಕೆಡುವುದು.

ಸ್ಪರ್ಶಶೋಧಕ ಉಪಕರಣವಿಲ್ಲದವರು ಎದೆಗುಂದಬೇಕಾದುದಿಲ್ಲ. ಮೊದಲು ತಿರುಗುವ ಕದಿರನ್ನು ನಿಲ್ಲಿಸತಕ್ಕದ್ದು. 6 ಮಿ.ಮೀ. ವ್ಯಾಸದ ನುಣುಪಾದ ಉಕ್ಕಿನ ಸರಳನ್ನು ತುಂಡಿನ ಮೇಲೆ ಮಲಗಿಸಿ, ಅದರ ಪಕ್ಕದಲ್ಲಿ ಉಳಿಯ ತುದಿಯನ್ನು ಸರಳಿನ ನೆತ್ತಿಗಿಂತ ತುಸು ಕೆಳಗಿರುವಂತೆ ಇಳಿಸಿರಿ. ಬಳಿಕ 0.02 ಮಿ.ಮೀ.ನಷ್ಟೇ ಮೇಲೆತ್ತುತ್ತ, ಪ್ರತಿ ಸಲವೂ ಸರಳನ್ನು ಮೆಲ್ಲನೆ ಉರುಳಿಸಿ ನೋಡಿರಿ. ಅದು ಉಳಿಯಡಿ ನುಸುಳಿದೊಡನೆ ಝಡ್ ಅಕ್ಷಕ್ಕೆ 6 ಎಂದು ದಾಖಲಿಸಿರಿ. 0 ಎಂದರೆ ಉಳಿಯು ಗಾಳಿಯನ್ನೇ ಕೊರೆಯುವುದು. ಸರಳಿನ ಮೇಲಕ್ಕೆ ಉಳಿಯನ್ನು ಎಂದಿಗೂ ಇಳಿಸಕೂಡದು. ಅದರ ಬಾಯಿ ಮುರಿದೀತು.

ಏರಿಸುತ್ತ ಅಳೆಯುವವನಿಗೆ ಅಪಾಯವಿಲ್ಲ.