ಕೋಣೆಯೂ ಹಾಡುತ್ತದೆ
ಆಳೆತ್ತರದ ಎರಡು ಸ್ಪೀಕರ್‌ಗಳು ಮನೆಗೆ ಬಂದ ದಿನ ಮೊದಲು ಹಾಕಿದ್ದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ. ಡಗ್ಗಾ ಗುಂಯ್‌ಗುಟ್ಟುತ್ತ ಅವರ ದನಿಯನ್ನೇ ನುಂಗಿತು. ತಪ್ಪು ಯಂತ್ರದ್ದಲ್ಲ, ಕೋಣೆಯದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ 12 ಅಡಿ ಇದ್ದರೆ 47 ಹರ್ಟ್ಸ್ ಆಸುಪಾಸಿನ ಸ್ವರ, ಅದರ ದುಪ್ಪಟ್ಟು 94, ಗೋಡೆಯಿಂದ ಗೋಡೆಗೆ ಪುಟಿದು ಉಬ್ಬುತ್ತವೆ. ಗೋಡೆಗೆ ಒರಗಿ ಕೂತವರಿಗೆ ಈ ಉಬ್ಬು ಅತಿ ಹೆಚ್ಚು. ಕುರ್ಚಿಯನ್ನು ಮೂರಡಿ ಮುಂದೆ ಎಳೆದೆ, ಸ್ಪೀಕರ್‌ಗಳನ್ನು ಮೂಲೆಯಿಂದ ಬಿಡಿಸಿದೆ, ಅಜ್ಜಿಯ ಜಮಖಾನ ಹಾಸಿದೆ (ಅದು ಹೀರುವುದು ಮೇಲಿನ ಸ್ವರಗಳನ್ನಷ್ಟೇ, ಮಂದ್ರಕ್ಕೆ ಅದರಿಂದ ಪ್ರಯೋಜನವಿಲ್ಲ). ಹೊಸ ಆಂಪ್ಲಿಫೈಯರ್‌ಗೆ ದುಡ್ಡು ಸುರಿಯುವ ಮೊದಲು ಕುರ್ಚಿ ಸರಿಸಿ ನೋಡಿ ಎಂದು ಗೆಳೆಯರಿಗೆ ಪಟ್ಟುಹಿಡಿದು ಹೇಳುತ್ತೇನೆ. ಈಗ ನನಗೆ ತಂಬೂರಿಯ ಒಂದೊಂದು ತಂತಿಯೂ ಕೇಳುತ್ತದೆ, ಎರಡು ತಾನಗಳ ನಡುವೆ ಮನ್ಸೂರರು ಎಳೆದುಕೊಳ್ಳುವ ಉಸಿರೂ.