ಬ್ರೇಕ್ ಹತ್ತದ ಪ್ರೋಟೀನ್

ಫೋರ್ತ್ ಸೆಮ್‌ನಲ್ಲಿ ನಮಗೆಲ್ಲ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಅಂತ ಒಂದು ಪೇಪರ್ ಇದೆ. ಮಿಂಚುಳ್ಳಿಯ ಕೊಕ್ಕು ನೋಡಿ ಜಪಾನಿನವರು ಬುಲೆಟ್ ಟ್ರೈನಿನ ಮೂತಿ ಮಾಡಿದರು ಅನ್ನೋದು ಎಲ್ಲರಿಗೂ ಬಾಯಿಪಾಠ. ನಾಗರಹಾವಿನ ವಿಷದಲ್ಲಿ ಏನಿದೆ ಅಂತ ಕೇಳಿದ್ರೆ ಮಾತ್ರ ಇಡೀ ಕ್ಲಾಸ್ ಸುಮ್ಮನಾಗ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಿಂದ ಬಂದು ಹಾಸ್ಟೆಲ್‌ನಲ್ಲಿರುವ ನಮಗೆ ಇದು ವಿಚಿತ್ರ ಅನ್ನಿಸ್ತದೆ. ನಮ್ಮ ಕಡೆ ಬುಲೆಟ್ ಟ್ರೈನ್ ಇಲ್ಲ, ಹಾವು ಇವೆ. ಹಾನಗಲ್ಲಿನ ಭತ್ತದ ಗದ್ದೆ, ಹಿರೇಕೆರೂರಿನ ಗೋವಿನಜೋಳದ ರಾಶಿ, ಸವಣೂರಿನ ಎಲೆಬಳ್ಳಿ ತೋಟ, ಶಿಗ್ಗಾಂವಿ ಕಡೆಯ ಬಣವೆ, ಎಲ್ಲಿ ಇಲಿಯೋ ಅಲ್ಲಿ ಹಾವು.

ವಿಷ ಅಂದ್ರೆ ಏನೋ ಒಂದು ಕೆಟ್ಟ ರಸ, ಹೀರಿ ಉಗುಳಬಹುದು, ಹಗ್ಗ ಬಿಗಿದು ತಡೀಬಹುದು, ಬೇರು ಅರೆದು ಕುಡಿಸಿ ಇಳಿಸಬಹುದು ಅಂತ ಊರಲ್ಲಿ ಇನ್ನೂ ನಂಬುವವರಿದ್ದಾರೆ. ಮೂಢನಂಬಿಕೆ ಅಂತ ನಗೋದು ಸುಲಭ. ನಗುವವರಿಗಾದ್ರೂ ವಿಷ ಹೇಗೆ ಕೆಲಸ ಮಾಡ್ತದೆ ಅಂತ ಗೊತ್ತಿರಬೇಕಲ್ಲ? ಹಾವಿನ ವಿಷದ ಬಹುಪಾಲು ಪ್ರೋಟೀನ್. ಅದು ನಮ್ಮ ಮೈಯ ಪ್ರೋಟೀನ್‌ಗಳಿಗೆ ಏನು ಮಾಡ್ತದೆ ಅನ್ನೋದನ್ನು ಕಟ್ಟೆ ಮೇಲೆ ಕೂತು ಕನ್ನಡದಲ್ಲಿ ಹೇಳೋಕೆ ಬಂದಾಗಲೇ ನಮ್ಮ ‘ಆಸ್ಪತ್ರೆಗೆ ಹೋಗ್ರಿ’ಗೆ ತೂಕ ಬರೋದು ಅನ್ನೋದು ನಮ್ಮ ವಾದ.

ರಕ್ತದಲ್ಲಿ ‘ಕಾಂಪ್ಲಿಮೆಂಟ್’ ಅಂತ ಒಂದು ಕಾವಲು ಪಡೆ ಇದೆ. ಪುಸ್ತಕದ ಕನ್ನಡದಲ್ಲಿ ಪೂರಕ ವ್ಯವಸ್ಥೆ. 30ಕ್ಕೂ ಹೆಚ್ಚು ಪ್ರೋಟೀನ್‌ಗಳು, ಹೆಚ್ಚಿನವು ಲಿವರ್‌ನಲ್ಲಿ ತಯಾರಾಗ್ತವೆ. ಇದರ ಬಗ್ಗೆ ಮೊದಮೊದಲು ಕೆಲಸ ಮಾಡಿದ ಬೆಲ್ಜಿಯಂನ ಜೂಲ್ ಬೋರ್ಡೆಗೆ 1919ರ ನೊಬೆಲ್ ಬಂತು. ಈ ಪಡೆಯ ನಡುಮಧ್ಯ ಇರೋದು ಸಿ3 ಎಂಬ ಪ್ರೋಟೀನ್. ಅದು ತುಂಡಾದಾಗ ಹುಟ್ಟುವ ಸಿ3ಬಿ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು, ಫ್ಯಾಕ್ಟರ್ ಬಿ ಎಂಬ ಇನ್ನೊಂದರ ಜೊತೆ ಸೇರಿ, ಮತ್ತಷ್ಟು ಸಿ3ಯನ್ನು ತುಂಡು ಮಾಡುವ ಕತ್ತರಿಯಾಗ್ತದೆ. ಕತ್ತರಿಯೇ ಕತ್ತರಿಗಳನ್ನು ಹುಟ್ಟಿಸ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಪಾಸಿಟಿವ್ ಫೀಡ್‌ಬ್ಯಾಕ್ ಅಂದ್ರೆ ಸಾಕು, ಅಲ್ಲಿ ಬ್ರೇಕ್ ಬೇಕೇ ಬೇಕು. ಬ್ರೇಕ್ ಇದೆ. ಆ ಕತ್ತರಿಯ ಅರ್ಧಾಯುಷ್ಯ ಸುಮಾರು ಒಂದೂವರೆ ನಿಮಿಷ ಅಷ್ಟೇ. ಜೊತೆಗೆ ಫ್ಯಾಕ್ಟರ್ ಎಚ್, ಫ್ಯಾಕ್ಟರ್ ಐ ಎಂಬ ಪ್ರೋಟೀನ್‌ಗಳು ಅದನ್ನು ಬಿಚ್ಚಿ ಹಾಕ್ತವೆ. ಕೆಂಪು ರಕ್ತಕಣಗಳ ಮೈಮೇಲಿನ ಬ್ರೇಕ್ ಇಲ್ಲದಾದರೆ ಕಾವಲು ಪಡೆ ನಮ್ಮ ರಕ್ತವನ್ನೇ ಒಡೆಯುತ್ತದೆ. ಪಿಎನ್‌ಎಚ್ ಎಂಬ ಅಪರೂಪದ ಕಾಯಿಲೆ ಅದೇ. ಅದಕ್ಕೆ 2007ರಲ್ಲಿ ಔಷಧಿ ಬಂತು, ಬೆಲೆ ಮಾತ್ರ ಕೇಳಬೇಡಿ.

ನಾಗರಹಾವು ಹೊಡೆಯೋದು ಈ ಬ್ರೇಕಿಗೇ. ಅದರ ವಿಷದಲ್ಲಿ ‘ಕೋಬ್ರಾ ವೆನಮ್ ಫ್ಯಾಕ್ಟರ್’ ಅಂತ ಒಂದು ಪ್ರೋಟೀನ್ ಇದೆ, ನಮ್ಮ ಸಿ3ಬಿಯ ನಕಲು. ಹಾವಿನ ಸ್ವಂತ ಸಿ3ಯೇ ತಲೆತಲಾಂತರದಲ್ಲಿ ಬದಲಾಗಿ ಹೀಗಾಗಿದೆ. ಅದು ನಮ್ಮ ಫ್ಯಾಕ್ಟರ್ ಬಿ ಜೊತೆ ಸೇರಿ ಮಾಡುವ ಕತ್ತರಿಯ ಅರ್ಧಾಯುಷ್ಯ ಸುಮಾರು 7 ಗಂಟೆ! ಫ್ಯಾಕ್ಟರ್ ಎಚ್, ಐ ಎರಡರದ್ದೂ ಅದರ ಮುಂದೆ ಆಟ ನಡೆಯಲ್ಲ. ಸಿ3 ಖಾಲಿಯಾಗ್ತಾ ಹೋಗ್ತದೆ, ಕಚ್ಚಿದ ಜಾಗದ ರಕ್ತನಾಳಗಳು ಸಡಿಲಾಗಿ ಉಳಿದ ವಿಷ ಒಳಗೆ ಹೋಗೋಕೆ ದಾರಿ ಸಲೀಸು. ಇದೊಂದರಿಂದಲೇ ಸಾವು ಬರಲ್ಲ. ಜೀವ ತೆಗೆಯೋದು ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುವ ಬೇರೆ ಪ್ರೋಟೀನ್‌ಗಳು. ಆದರೆ ಇಂಥ ಕೆಲಸ ನಡೆದಿರುವಾಗ ಬ್ಲೇಡಿನಿಂದ ಕೊಯ್ದರೆ, ಬೇರು ಕುಡಿಸಿದರೆ ಏನಾದೀತು?

ಆಸ್ಪತ್ರೆಯ ಇಂಜೆಕ್ಷನ್ನೂ ಪ್ರೋಟೀನೇ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಅದರ ರಕ್ತದಿಂದ ತೆಗೆದ ಪ್ರತಿಕಾಯಗಳು. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ರಕ್ತದಲ್ಲಿ ತಿರುಗಾಡುವ ವಿಷವನ್ನು ಅವು ಹಿಡೀತವೆ, ಆಗಲೇ ಆದ ಹಾನಿಯನ್ನು ರಿಪೇರಿ ಮಾಡಲ್ಲ. ಅದಕ್ಕೇ ಅವಸರ. ಬಹಳಷ್ಟು ಹಾವುಗಳಿಗೆ ವಿಷವೇ ಇಲ್ಲ, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ತದೆ. ಹಾಗೆ ಬದುಕಿದವರ ಹೆಸರಿನ ಮೇಲೇ ನಾಟಿ ಔಷಧಿಯವರ ಹೆಸರು ನಿಂತಿದೆ.

2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದ್ರೆ ನಮ್ಮ ಕಡೆ ಬಿತ್ತೋ, ನಾಟಿ ಮಾಡೋ ದಿನಗಳಲ್ಲೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದೇ ಆಯ್ತು. ಆದರೆ ಲೆಕ್ಕ ಮೇಲಕ್ಕೆ ಹೋದ ಹಾಗೆ ಮಾಹಿತಿ ಕೆಳಕ್ಕೂ ಬರಬೇಕಲ್ಲ? ರಾತ್ರಿ ಹನ್ನೊಂದಕ್ಕೆ ಕಚ್ಚಿದರೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ, ಡಾಕ್ಟರ್ ಇದ್ದಾರೆ ಅಂತ ಹಳ್ಳಿಯವರಿಗೆ ಹೋದ ಮೇಲೇ ಗೊತ್ತಾಗೋದು. ಅಲ್ಲಿಂದ ‘ಹುಬ್ಬಳ್ಳಿಗೆ ಹೋಗ್ರಿ’ ಅಂದ್ರೆ ಮತ್ತೆ ಒಂದೆರಡು ತಾಸು.

ಪೆಟ್ರೋಲ್ ಬಂಕಿನವರು ದಿನಾ ರೇಟು ಹಾಕ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಇವತ್ತು ಎಷ್ಟು ವೈಲ್ ಇದೆ ಅಂತ ಒಂದು ಬೋರ್ಡ್ ಹಾಕೋಕೆ ಏನು ಕಷ್ಟ? ಅದೇ ಲೆಕ್ಕವನ್ನು ತಾಲೂಕುವಾರು ಫೋನಿನಲ್ಲಿ ತೋರಿಸೋದು ನಮ್ಮಂಥವರಿಗೆ ಒಂದು ವಾರದ ಕೋಡಿಂಗ್. ವರ್ಷಾ ವರ್ಷಾ ಅದೇ ಸ್ಮಾರ್ಟ್ ಡಸ್ಟ್‌ಬಿನ್ ಪ್ರಾಜೆಕ್ಟ್ ಮಾಡಿ ಯಾರಿಗೂ ಸಾಕಾಗಿಲ್ವಾ? ನಾವಂತೂ ಮುಂದಿನ ಮಿನಿ ಪ್ರಾಜೆಕ್ಟಿಗೆ ಇದನ್ನೇ ಕೇಳೋರಿದ್ದೀವಿ. ಬೋರ್ಡಿನ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೀಬೇಕು: ಕಟ್ಟಬೇಡಿ, ಕೊಯ್ಯಬೇಡಿ, ಕಚ್ಚಿದ ಕೈಕಾಲು ಅಲ್ಲಾಡಿಸಬೇಡಿ, 108ಕ್ಕೆ ಫೋನ್ ಮಾಡಿ. ಅಕ್ಷರ ಚೆಂದ ಇರೋರು ಸಂಘದ ರೂಮಿಗೆ ಬನ್ನಿ.